ಗಾಳಿಯಣ್ಣನ ಕಾಲು

ಪಂಕ್ಚರ್ ಅಂಗಡಿಯ ಗಾಳಿಯಣ್ಣನಿಗೆ ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ಬೆರಳಿಟ್ಟು, "ಗಾಳಿ ಇಲ್ಲದ ಚಕ್ರವನ್ನ ಇಷ್ಟು ದೂರ ಉರುಳಿಸ್ಕೊಂಡು ಬಂದಿದ್ದೀಯಲ್ಲ, ತಲೇಲಿ ಏನಿಟ್ಕೊಂಡಿದ್ದೀಯ?" ಎಂದು ಗಿರಾಕಿಯನ್ನೇ ಗದರುತ್ತಿದ್ದ. ಬೈಸಿಕೊಂಡವರೂ ಮತ್ತೆ ಅವನ ಬಳಿಗೇ ಬರುತ್ತಿದ್ದರು. ಅವನು ಹಾಕಿದ ತೇಪೆ, ಟ್ಯೂಬು ಹರಿದರೂ ಜಾಗ ಬಿಡುತ್ತಿರಲಿಲ್ಲ.

ವಾರದ ಕೊನೆಯಲ್ಲಿ ಆ ಮಸಿ ಹಿಡಿದ ಕೈಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು ಗಿಟಾರ್ ಹಿಡಿಯುತ್ತಿದ್ದ. ಸಭಾಂಗಣಗಳಲ್ಲಿ ಹಾಡುವ ಒಂದು ಪುಟ್ಟ ತಂಡದಲ್ಲಿ ಅವನದು ಬಹುಕಾಲದ ಕುರ್ಚಿ. ಪ್ರಾಯದಲ್ಲಿ ಬಾರಿಸುವವರ ಪಕ್ಕ ನಿಂತು, ಬೆರಳು ನೋಡಿ ನೋಡಿ ಕಲಿತ ವಿದ್ಯೆ. ಸ್ವರಗಳ ಹೆಸರು ಗೊತ್ತಿರಲಿಲ್ಲ. ಗಿಟಾರಿನ ಕತ್ತಿನ ಮೇಲಿನ ಪಟ್ಟಿಗಳ ನಡುವಿನ ಜಾಗಕ್ಕೆ 'ಮನೆ' ಎನ್ನುತ್ತಿದ್ದ. "ಎರಡನೇ ತಂತಿ, ಕತ್ತಿನ ಚುಕ್ಕೆಯಿಂದ ಒಂದು ಮನೆ ಆಚೆ" ಎಂಬುದೇ ಅವನ ಸಂಗೀತಶಾಸ್ತ್ರ. ತಾಳಕ್ಕೆ ಬಲಗಾಲು ಕುಟ್ಟುತ್ತಿದ್ದ. ಆ ಕಾಲಿನ ಮೇಲೆ ಅವನಿಗೆ ಬಲು ಹೆಮ್ಮೆ.

ಒಂದು ದಿನ ಅಭ್ಯಾಸದ ನಡುವೆ, ತಂಡದ ಯಜಮಾನನೂ ಆದ ಡ್ರಮ್ಮಿನವನು ಕೋಲುಗಳನ್ನು ಕೆಳಗಿಟ್ಟ.

"ಹಾಡು ಶುರುವಾದಾಗ ನಡ್ಕೊಂಡು ಹೋಗ್ತಿರುತ್ತೆ, ಮುಗಿಯೋ ಹೊತ್ತಿಗೆ ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಿರುತ್ತೆ. ಈ ತಿಂಗಳೊಳಗೆ ಸರಿಮಾಡ್ಕೊ ಮಾರಾಯ. ಇಲ್ಲಾಂದ್ರೆ ಆ ಕುರ್ಚೀಲಿ ಬೇರೆಯವರನ್ನ ಕೂರಿಸ್ತೀನಿ."

"ನಾನು ಓಡ್ತೀನಾ? ನೀನೇ ಕುಂಟೆತ್ತಿನ ಹಾಗೆ ಎಳೀತೀಯ! ನನ್ನ ಕಾಲು ನೋಡು, ಗಡಿಯಾರ!" ಎಂದು ಎಲ್ಲರ ಎದುರಿಗೇ ಕೂಗಾಡಿದ ಗಾಳಿಯಣ್ಣ, ಗಿಟಾರನ್ನು ಚೀಲಕ್ಕೆ ತುರುಕಿಕೊಂಡು ಎದ್ದುಬಂದ. ಆದರೆ ದಾರಿಯುದ್ದಕ್ಕೂ ಆ ಕುರ್ಚಿ ಕಣ್ಣಮುಂದೆಯೇ ಇತ್ತು. ಅದೊಂದು ಹೋದರೆ ವಾರವೆಲ್ಲ ಬರೀ ರಬ್ಬರಿನ ವಾಸನೆಯೇ.

ಹೆಂಡತಿ ಒಗೆದ ಬಟ್ಟೆ ಮಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ತಮ್ಮ ಗಿಟಾರ್ ಪಾಠ ಹೇಳಿಯೇ ಜೀವನ ನಡೆಸುವವನು.

"ನನ್ನ ತಮ್ಮನ ಹತ್ತಿರ ಹೋಗಿ ಬನ್ನಿ."

"ಅವನಿಗೆ ಗಿಟಾರ್ ಹಿಡಿಯೋದು ಕಲಿಸಿದ್ದೇ ನಾನು! ಈಗ ಹೋಗಿ ಅವನ ಮುಂದೆ ಕೂರಬೇಕಾ?"

"ಕಲಿಯೋಕೆ ಕೂರಲೇಬೇಕು. ನಿಂತ್ಕೊಂಡು ಬೈಬಹುದು, ಅಷ್ಟೆ."

ಹೋದ. ಭಾಮೈದನ ಪಾಠದ ಕೋಣೆಯಲ್ಲಿ ಎರಡು ಮೋಟು ಸ್ಟೂಲು, ಗೋಡೆಗೆ ಒರಗಿಸಿದ ಗಿಟಾರುಗಳು, ಮೇಜಿನ ಮೇಲೆ ಟಕ್ ಟಕ್ ಎಂದು ತಾಳ ಹಾಕುವ ಸಣ್ಣ ಪೆಟ್ಟಿಗೆ. ಹಾಡು ಬಾರಿಸಲು ಹೇಳುತ್ತಾನೆ ಎಂದು ಗಾಳಿಯಣ್ಣ ಎಂದುಕೊಂಡಿದ್ದರೆ, ಭಾಮೈದ ನಾಲ್ಕು ಬೆರಳನ್ನು ನಾಲ್ಕು ಮನೆಗಳಲ್ಲಿ ಒಂದರ ಹಿಂದೊಂದು ಊರಿ, ಪ್ರತಿ ತಂತಿಯಲ್ಲೂ ಹೋಗಿ ಬರಬೇಕೆಂದ. ಜೊತೆಗೆ ಮುಟ್ಟಿದ ಸ್ವರದ ಹೆಸರನ್ನು ಬಾಯಲ್ಲಿ ಹೇಳಬೇಕಂತೆ.

"ಇದು ಹಾಡೇನೋ? ಅಟ್ಟದ ಮೇಲೆ ಇಲಿ ಓಡಾಡಿದ ಹಾಗಿದೆ!"

"ಇಲಿ ಓಡಬಾರದು ಭಾವ, ನಡೀಬೇಕು. ಕಿರುಬೆರಳು ಹಾರ್ತಿದೆ, ತಂತಿ ಹತ್ತಿರವೇ ಇರಲಿ."

ಗಾಳಿಯಣ್ಣ ಕಾಲು ಕುಟ್ಟುತ್ತ ಬಾರಿಸಿದ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಹಿಂದೆ ಬಿತ್ತು. ಮತ್ತೆ ಬಾರಿಸಿದ, ಮತ್ತೆ ಹಿಂದೆ ಬಿತ್ತು. ಗಾಳಿಯಣ್ಣ ಸಿಡಿಮಿಡಿಗುಟ್ಟಿ, ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು ಪೆಟ್ಟಿಗೆಯನ್ನೇ ಬಿಚ್ಚಿದ. "ಶೆಲ್ ಸತ್ತಿದೆ. ಕೆಟ್ಟ ಪೆಟ್ಟಿಗೆ ಇಟ್ಕೊಂಡು ಮಕ್ಕಳಿಗೆ ಪಾಠ ಹೇಳ್ತೀಯ, ನಾಚಿಕೆ ಆಗಲ್ವಾ?"

ಭಾಮೈದ ಹೊಸ ಶೆಲ್ ಹಾಕಿಕೊಟ್ಟ. ಈ ಸಲವೂ ಪೆಟ್ಟಿಗೆ ಹಿಂದೆಯೇ. ಆಗ ಅವನು ಸ್ಟೂಲನ್ನು ಮುಂದಕ್ಕೆಳೆದು, ಭಾವನ ಬಲಪಾದದ ಮೇಲೆ ತನ್ನ ಪಾದವನ್ನು ಗಟ್ಟಿಯಾಗಿ ಊರಿದ.

"ಏಯ್! ಕಾಲು ತೆಗಿ!"

"ಈಗ ಬಾರಿಸಿ ಭಾವ."

ಕಾಲು ಕಟ್ಟಿದ್ದೇ ತಡ, ಕೈ ಎಡವಿತು. ಗಾಳಿಯಣ್ಣ ದುರುಗುಟ್ಟಿ ನೋಡಿದ. ಭಾಮೈದ ಮೆಲ್ಲಗೆ ಹೇಳಿದ: "ಕಾಲು ಕೈಯನ್ನ ಕಾಯ್ತಿಲ್ಲ ಭಾವ, ಕೈಯ ಬಾಲ ಹಿಡ್ಕೊಂಡು ಓಡ್ತಿದೆ. ಕೈ ಜೋರಾದರೆ ಅದೂ ಜೋರು. ಎರಡೂ ಒಟ್ಟಿಗೇ ಓಡಿದ್ರೆ, ಓಡ್ತಿದ್ದೀವಿ ಅಂತ ನಿಮಗೆ ಹೇಗೆ ಗೊತ್ತಾಗಬೇಕು?"

ಗಾಳಿಯಣ್ಣ ಬಾಗಿಲನ್ನು ಧಡಾರನೆ ಹಾಕಿಕೊಂಡು ಹೊರಟುಹೋದ. ಸಿಟ್ಟು ಈಗ ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ. ಭಾಮೈದನನ್ನು ಬೈಯೋಣವೆಂದರೆ ಆ ಹಾಳು ಕಾಲು ಅವನದಲ್ಲ, ತನ್ನದು.

ಮರುದಿನದಿಂದ ಅಂಗಡಿಯಲ್ಲಿ ಹೊಸ ರಂಪ. ಲಾರಿಯ ಹಳೆಯ ಟೈರಿನ ಅಂಚಿನಡಿ ಬಲಗಾಲನ್ನು ಸಿಕ್ಕಿಸಿಕೊಂಡು, ಗಾಳಿ ತುಂಬುವ ಯಂತ್ರದ ಡುಗ್ ಡುಗ್ ಸದ್ದಿಗೆ ಗಿಟಾರಿನ ಮೇಲೆ ಬೆರಳು ನಡೆಸತೊಡಗಿದ. ಗಾಳಿ ತುಂಬಿ ಯಂತ್ರ ನಿಂತರೆ, "ಯಾರು ನಿಲ್ಲು ಅಂದಿದ್ದು ನಿನಗೆ?" ಎಂದು ಅದಕ್ಕೂ ಬೈಗುಳ. ತೇಪೆ ಒಣಗುವಷ್ಟು ಹೊತ್ತು ಬಾಯಲ್ಲಿ "ಇ, ಎಫ್, ಜಿ" ಎಂದು ಸ್ವರಗಳ ಜಪ.

"ಗಾಡಿ ನಂಬರ್ ಬಾಯಿಪಾಠ ಮಾಡ್ತಿದ್ದೀಯೇನಣ್ಣ?" ಎಂದ ಒಬ್ಬ ಗಿರಾಕಿ.

"ಬಾಯಿ ಮುಚ್ಕೊಂಡು ನಿಂತ್ಕೊ! ನಿನ್ನಿಂದ ಜಿ ತಪ್ಪಿಹೋಯ್ತು!"

ಕಿರುಬೆರಳು ನೋಯಿತು. ಇಷ್ಟು ನಿಧಾನವಾಗಿ ಬಾರಿಸುವುದು ಅವನಿಗೆ ಉಸಿರು ಬಿಗಿಹಿಡಿದು ಕೂತಂತಿತ್ತು. ಆದರೂ ಬಿಡಲಿಲ್ಲ. ಬೈದುಕೊಂಡೇ ಭಾಮೈದನ ಬಾಗಿಲಿಗೂ ಮತ್ತೆ ಹೋದ, ಬೈದುಕೊಂಡೇ ಕೂತ.

ತಿಂಗಳ ಕೊನೆಯ ಅಭ್ಯಾಸದ ದಿನ ಬಂತು. ಯಾರನ್ನೂ ಮಾತನಾಡಿಸದೆ ತನ್ನ ಕುರ್ಚಿಯಲ್ಲಿ ಕೂತು, ಕಾಲ್ಬೆರಳುಗಳನ್ನು ನೆಲಕ್ಕೆ ಬಿಗಿದು ಬಾರಿಸಿದ. ಹಾಡು ನಡೆದುಕೊಂಡು ಶುರುವಾಯಿತು, ನಡೆದುಕೊಂಡೇ ಮುಗಿಯಿತು. ಅವನ ಓಟಕ್ಕೆ ಒಗ್ಗಿಹೋಗಿದ್ದ ಹಾಡುಗಾರ್ತಿ ಮಾತ್ರ ಒಂದು ಸಾಲು ಮುಂದೆ ಹೋಗಿ ನಾಲಿಗೆ ಕಚ್ಚಿಕೊಂಡಳು.

ಡ್ರಮ್ಮಿನವನು ಬೆವರು ಒರೆಸಿಕೊಂಡ. "ಕೂತ್ಕೊ ಮಾರಾಯ, ಕುರ್ಚಿ ನಿನ್ನದೇ. ಇಷ್ಟು ವರ್ಷ ನಿನ್ನನ್ನ ಹಿಂದಕ್ಕೆ ಜಗ್ಗಿ ಜಗ್ಗಿ ನನ್ನ ರಟ್ಟೆ ಬಿದ್ದುಹೋಗಿತ್ತು."

ಗಾಳಿಯಣ್ಣನ ಕಣ್ಣು ಕೆಂಪಾಯಿತು. "ಇಷ್ಟು ವರ್ಷ ಗೊತ್ತಿದ್ದೂ ಹೇಳಲಿಲ್ವಾ? ನನ್ನನ್ನ ಮಂಗ ಮಾಡಿದ್ರಾ ಎಲ್ಲರೂ ಸೇರ್ಕೊಂಡು?"

"ಹೇಳೋಕೆ ನೀನು ನಮಗೆ ಬಾಯಿ ತೆಗೆಯೋಕೆ ಬಿಟ್ಟರೆ ತಾನೆ!"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಒಳ್ಳೆಯ, ಖಾರವಾದ ಉತ್ತರವೇ. ಸುತ್ತಲಿದ್ದವರು ಅದು ಈಗ ಸಿಡಿಯುತ್ತದೆಂದು ತಲೆ ತಗ್ಗಿಸಿ ಕಾದರು. ಗಾಳಿಯಣ್ಣ ಅದನ್ನು ಕಹಿ ಕಷಾಯದಂತೆ ನುಂಗಿಕೊಂಡ.

"ಏನ್ ನೋಡ್ತೀಯ? ಎಣಿಸು, ಮುಂದಿನ ಹಾಡು!" ಎಂದು ಗುಡುಗಿ, ಕಿರುಬೆರಳನ್ನು ತಂತಿಯ ಮೇಲಿಟ್ಟು, ಡ್ರಮ್ಮಿನವನು ತಾಳ ಎಣಿಸಿ ಮುಗಿಸುವವರೆಗೂ ಕಾದ.