ಪಟಕ್ಕಿಂತ ಮೊದಲು ನಡೆದವರು

ಬೇರಿಕೆ ಊರಿನ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುತ್ತರಾಯಪ್ಪ ಬಂಡೆಗೆ ಸುತ್ತಿಗೆಯಿಂದ ಒಂದು ಕೊಟ್ಟು, ಸಿಡಿದ ಚಕ್ಕೆಯನ್ನು ನೆಕ್ಕುತ್ತಾರೆ. ಒದ್ದೆ ಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಎದ್ದು ಕಾಣುತ್ತದೆ. "ಮೇಲಿರೋ ಅದುಕ್ಕೆ ನಾಲ್ಗೆ ಐತಾ, ಕೇಳಿ ನೋಡಿ" ಎನ್ನುತ್ತಾರೆ, ಯಾರೂ ಏನೂ ಕೇಳದಿದ್ದರೂ.

ಅದು ಅಂದರೆ ಉಪಗ್ರಹ. ಹೊಸೂರಿನಲ್ಲಿ ಅಂತರ್ಜಲ ಹುಡುಕುವ ಕಚೇರಿಯೊಂದರಲ್ಲಿ ಮುತ್ತರಾಯಪ್ಪ 1970ರಿಂದ ಸಾಮಾನು ಹೊರುವ ಖಲಾಸಿ. ಹದಿನಾಲ್ಕು ವರ್ಷ, ದಿನಕ್ಕೆ ಹನ್ನೆರಡು ಮೈಲಿ ನಡಿಗೆ, ಸಂಜೆಗೆ ಹೆಗಲ ಮೇಲೆ ಹತ್ತು ಕಿಲೋ ಕಲ್ಲು. ರಾಯಕೋಟೆಯಿಂದ ಉದ್ದನಪಲ್ಲಿಯ ಕಡೆಗೆ ನೆಲದಡಿಯ ಬಂಡೆ ಉದ್ದಕ್ಕೂ ಬಿರಿದಿದೆ, ಆ ಸಾಲಿನ ಬಾವಿಗಳು ಬತ್ತುವುದಿಲ್ಲ ಎಂದು ಮೊದಲು ಹೇಳಿದವರು ಅವರೇ. ಖಲಾಸಿಯ ಮಾತು, ನಕ್ಷೆಗೆ ಹತ್ತಲಿಲ್ಲ. 1983ರಲ್ಲಿ ಬಾಹ್ಯಾಕಾಶದಿಂದ ತೆಗೆದ ಪಟ ಬಂತು. ಅದೇ ಬಿರುಕು ಅದರಲ್ಲಿ ಕಪ್ಪು ಗೆರೆಯಾಗಿ ಕಂಡದ್ದೇ ತಡ, ಸಾಹೇಬರೆಲ್ಲ ಚಪ್ಪಾಳೆ ತಟ್ಟಿದರು. ಅವರಿಗೆ ಟೀ ಹಂಚುತ್ತಿದ್ದ ಮುತ್ತರಾಯಪ್ಪನವರಿಗೆ ಹೊಟ್ಟೆ ಉರಿದುಹೋಯಿತು.

"ನಾನ್ ಹೇಳ್ದಾಗ ನಕ್ರು. ಅದು ಹೇಳ್ದಾಗ ಹಾರ ಹಾಕೋದೊಂದು ಬಾಕಿ."

ಹೆಂಡತಿ ಕದಿರಮ್ಮನಿಗೆ ಇದೆಲ್ಲ ತಮಾಷೆ. "ಆ ಪಟುದ್ ಸುದ್ದಿ ಎತ್ತುದ್ರೆ ಸವತಿ ಹೆಸ್ರು ಕೇಳ್ದಂಗೆ ಉರಿದ್ ಬೀಳ್ತಾರೆ ನಮ್ಮನೆಯೋರು."

ಈ ವಾರ ಪಟದಲ್ಲಿ ಬೇರಿಕೆಯ ಬಳಿ ಇನ್ನೊಂದು ಗೆರೆ ಸಿಕ್ಕಿದೆ. ನಾಳೆಯೇ ಅಲ್ಲಿ ಬೋರ್‌ವೆಲ್ ಕೊರೆಸುವ ಯೋಚನೆ. ತಾನು ನಡೆದು ನೋಡುವ ತನಕ ಲಾರಿ ಕಳಿಸಬೇಡಿ ಎಂದು ಹಟ ಹಿಡಿದು ಮುತ್ತರಾಯಪ್ಪ ಬಂದಿದ್ದಾರೆ. ಪಟವೇ ಗೆದ್ದರೆ ಇನ್ನು ಇವರನ್ನು ಕೇಳುವವರಿಲ್ಲ.

ಮೂರು ಮೈಲಿಯಲ್ಲಿ ಇಪ್ಪತ್ತು ಕಡೆ ಕಲ್ಲು ಒಡೆದು ನೆಕ್ಕಿದರೂ ಬಿರುಕಿನ ಸುಳಿವಿಲ್ಲ. ಪಟದ ಗೆರೆ ಬೇರೇನೂ ಅಲ್ಲ, ಹಳೆಯ ಗಾಡಿದಾರಿಯ ಎರಡೂ ಬದಿಗೆ ಒತ್ತಾಗಿ ಬೆಳೆದ ಹೊಂಗೆ ಮರಗಳ ಸಾಲು. ಮುತ್ತರಾಯಪ್ಪ ಅಲ್ಲೇ ನೆರಳಲ್ಲಿ ಕೂತು, ಮನಸಾರೆ ನಗುತ್ತಾರೆ.

ಮಧ್ಯಾಹ್ನ ಕಚೇರಿಯಲ್ಲಿ ಭೂವಿಜ್ಞಾನಿ ನಾರಾಯಣಪ್ಪನವರು ಆ ಗೆರೆಯನ್ನು ನಕ್ಷೆಯಿಂದ ಅಳಿಸುತ್ತಾರೆ. "ನೀವು ಹೋಗದಿದ್ರೆ ಮರದ ಬುಡ ಕೊರೀತಿದ್ವಿ" ಎಂದು ಒಪ್ಪಿಕೊಳ್ಳುತ್ತಾರೆ. ಮುತ್ತರಾಯಪ್ಪ ಮಾತ್ರ ಗೋಡೆಯ ಪಟದಿಂದ ಕಣ್ಣು ಕೀಳುವುದಿಲ್ಲ.

"ಇಷ್ಟು ವರ್ಸ ನಡ್ದಿವ್ನಿ ಸಾಮಿ. ನಂದೊಂದು ಕಾಲ್ದಾರಿನೂ ಇದ್ರಾಗೆ ಕಾಣಲ್ವಲ್ಲ."

ಹಾಗಾದರೆ ಏನು ಬೇಕು ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ. "ರಾಯಕೋಟೆ ಗೆರೆ ಪಕ್ಕ ಸಣ್ಣಕ್ಸರದಾಗೆ ನನ್ ಹೆಸ್ರು ಬರುದ್ರೆ ಸಾಕು." ಬಾಗಿಲ ತನಕ ಹೋದವರು ತಿರುಗಿ ನಿಂತು ಪಟದ ಕಡೆ ಓರೆಗಣ್ಣು ಹಾಯಿಸುತ್ತಾರೆ.

"ಅದ್ರುದೂ ಇರ್ಲಿ, ಬ್ಯಾಡ ಅನ್ನಲ್ಲ. ನನ್ ಹೆಸ್ರಿನ ಕೆಳ್ಗೆ."