ಕಥೆಯಲ್ಲಿ ಸತ್ತವನಿಗೆ ಹಿಡಿಮಣ್ಣು

ಮೊನ್ನೆ ಸಂಜೆ ಶಾಲೆಯಿಂದ ಬಂದ ಮೊಮ್ಮಗಳ ಕೆನ್ನೆ ವೇಷದ ಬಣ್ಣ ನಾರುತ್ತಿತ್ತು. ಚಿತ್ತಾಪುರದ ಅವರ ಶಾಲೆಯಲ್ಲಿ ದೇಶಭಕ್ತಿಯ ನಾಟಕವಂತೆ, ಇವಳೇ ರಕ್ಕಸ. "ನನಗ ಬಣ್ಣ ಭಾಳ ಬೇಕಾಗಂಗಿಲ್ಲಂತ, ಆಯಿ! ನಾ ಸತ್ತ ಕೂಡ್ಲೆ ಎಲ್ಲಾರೂ ಚಪ್ಪಾಳಿ ಹೊಡಿತಾರ" ಎಂದು ಕುಣಿದಳು.

ಬಣ್ಣದ ಮಾತು ನಮ್ಮ ಮನೆಗೆ ಹೊಸದಲ್ಲ ಬಿಡಿ. ನನ್ನ ಮದುವೆಯ ಫೋಟೋದಲ್ಲಿ ನಿಮಗೆ ಹಲ್ಲು ಮತ್ತು ಸೀರೆಯ ಜರಿಯಂಚು ಕಂಡಾವು. ಉಳಿದದ್ದನ್ನು ನಂಬಬೇಕು ಅಷ್ಟೆ. ಈ ಕಪ್ಪು ಬಣ್ಣ ಬಂದದ್ದು ಐನಾಪುರದ ನಮ್ಮ ಮುತ್ಯಾನಿಂದ, ಎಂದರೆ ಅಪ್ಪನ ಅಪ್ಪನಿಂದ. ಸುಗ್ಗಿಯ ರಾಶಿ ಮುಗಿದ ಮೇಲೆ ಆತ ಕಟ್ಟೆಯಲ್ಲಿ ಕೂತು ದಿನಗಟ್ಟಲೆ ಒಂದೇ ಕಥೆ ಹಾಡುತ್ತಿದ್ದ. ಬಿಳಿ ಕುದುರೆಯ ರಾಜ ಕಾಡು ಕಡಿದು ರಾಜ್ಯ ಕಟ್ಟುತ್ತಾನೆ. ಕಾಡಿನ ಕರಿಯ ರಕ್ಕಸ ಅಡ್ಡ ಬಂದು ಸಾಯುತ್ತಾನೆ. ರಕ್ಕಸ ಬಿದ್ದೊಡನೆ ಹಾಡು ನಿಲ್ಲುತ್ತಿತ್ತು. ಕೇಳುವವರೆಲ್ಲ ಎದ್ದು ಕಟ್ಟೆಯ ಕೆಳಗೆ ಒಂದೊಂದು ಹಿಡಿ ಮಣ್ಣು ಹಾಕಬೇಕು, ಊರಲ್ಲಿ ಸತ್ತವರಿಗೆ ಹಾಕಿದ ಹಾಗೆ. ಆಮೇಲೆಯೇ ಕಥೆ ಮುಂದೆ. ಮಕ್ಕಳಿಗೆ ಅದು ಮಣ್ಣಾಟ. ಮುತ್ಯಾ ಮಾತ್ರ ನಿಜವಾಗಿ ಅಳುತ್ತಿದ್ದ.

ಒಮ್ಮೆ ಸೇಡಂನವರು ದೊಡ್ಡ ಸಭೆಗೆ ಅವನನ್ನು ಕರೆಸಿದರು. ನಮ್ಮ ದೇಶ ಹುಟ್ಟಿದ ಕಥೆ ಹಾಡಲಿ ಎಂದು. ನಾನೂ ಜೊತೆಗೆ ಹೋಗಿದ್ದೆ. ವೇದಿಕೆ ಹತ್ತುವ ಮುಂಚೆ ಕಾರ್ಯಕ್ರಮದ ಹಿರಿಯರೊಬ್ಬರು, "ಮುತ್ಯಾ, ಆ ಮಣ್ಣಿಂದು ಬ್ಯಾಡ್ರಿ. ದೇಶಕ್ಕ ಅಡ್ಡ ಬಂದಂವಗ ಮಣ್ಣ ಯಾಕ?" ಅಂದರು.

"ಸತ್ತಂವಗ ನೀ ಯಾ ದೇಶದಂವ ಅಂತ ಕೇಳಬಾರ್ದ್ರಿ" ಎಂದ ಮುತ್ಯಾ.

ಹಾಡಿನಲ್ಲಿ ರಕ್ಕಸ ಬಿದ್ದ. ಜೈಕಾರ, ಚಪ್ಪಾಳೆ. ಮುತ್ಯಾ ಎದ್ದು ಸುತ್ತ ನೋಡಿದ. ನೆಲದ ತುಂಬ ಶಹಾಬಾದ್ ಕಲ್ಲಿನ ಹಾಸು, ಮಣ್ಣೆಲ್ಲಿಂದ ಬರಬೇಕು? ಹೊರಗಿನ ಬಯಲಿಗೆ ಹೋಗಿ ಮುಷ್ಟಿ ತುಂಬಿಕೊಂಡು ಬರುವಷ್ಟರಲ್ಲಿ ವೇದಿಕೆಯಲ್ಲಿ ಹುಡುಗಿಯರ ಕುಣಿತ ಶುರುವಾಗಿತ್ತು. ಅವನನ್ನು ಮತ್ತೆ ಹತ್ತಗೊಡಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಒಂದೇ ಮಾತಾಡಿದ: "ಹೆಣ ಅಲ್ಲೇ ಬಿದ್ದದ." ಆಮೇಲೆ ಯಾರು ಎಷ್ಟು ಕೇಳಿಕೊಂಡರೂ ಹಾಡಲಿಲ್ಲ. ಹೆಣ ದಾಟಿ ಕಥೆ ಮುಂದೆ ಹ್ಯಾಂಗ ಹೋಗ್ತದ ಎನ್ನುತ್ತಿದ್ದ. ಕಥೆ ಅವನೊಂದಿಗೇ ಹೋಯಿತು.

ನಿನ್ನೆ ನಾಟಕ. ಬಾಣ ತಾಗಿ ಮೊಮ್ಮಗಳು ಚೆನ್ನಾಗಿಯೇ ಬಿದ್ದಳು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನನ್ನ ಕೈ ಮೇಲೇಳಲಿಲ್ಲ. ಸತ್ತು ಮಲಗಿದ್ದವಳು ಒಂದು ಕಣ್ಣು ತೆರೆದು ನನ್ನನ್ನು ಹುಡುಕಿದಳು. ಮಡಿಲಲ್ಲಿದ್ದ ನನ್ನ ಕೈ ಕಂಡು ಅವಳ ತುಟಿ ನಡುಗಿತು.

ಏನು ಮಾಡಲಿ, ನೀವೇ ಹೇಳಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ.