ತಂಗಿಯ ಹೆಸರಿನ ಮುಂದಿನ ಸಹಿ

ನನ್ನ ತಂಗಿಗೆ ಸಹಿ ಮಾಡಲು ಕಲಿಸಿದವಳು ನಾನೇ. ಅವ್ವ ತೀರಿಕೊಂಡಾಗ ನಾನು ಏಳನೆಯ ಇಯತ್ತೆ ಮುಗಿಸಿದ್ದೆ, ಅವಳು ಸಾಲೆಯ ಮುಖ ಕಂಡಿರಲಿಲ್ಲ. ಬನಹಟ್ಟಿಯ ನಮ್ಮ ಮನೆಯಲ್ಲಿ ಎರಡು ಪಾವರ್‌ಲೂಮುಗಳು ಹಗಲೆಲ್ಲ ಬಡಿಯುತ್ತಿದ್ದವು. ಆ ಸಪ್ಪಳದಲ್ಲಿ ಬಾಯಿಂದ ಹೇಳಿ ಕಲಿಸುವುದು ಆಗದ ಕೆಲಸ. ಅವಳ ಕೈ ಹಿಡಿದು ನೆಲದ ಮೇಲೆ ಸೀಮೆಸುಣ್ಣದಿಂದ ಬರೆಸಿದೆ. ಹೆಸರು, ಅದರ ಕೆಳಗೊಂದು ಗೆರೆ, ಗೆರೆಯ ಕೊನೆಗೆ ಹಿಂದಕ್ಕೆ ತಿರುಗುವ ಒಂದು ಕೊಂಡಿ. ಆ ಕೊಂಡಿ ನನ್ನ ಶೋಕಿ. ಮದುವೆಯಾಗಿ ಹೋಗುವವರೆಗೆ ಅವಳು ಬರೆಯಲು ಕಲಿತದ್ದು ಅಷ್ಟೇ.

ಅವಳನ್ನು ಬಾಡಗಂಡಿಗೆ ಕೊಟ್ಟೆವು. ಗಂಡ ಅಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಿದ್ದ. ನಾನು ಮದುವೆಯಾಗದೆ ಅಪ್ಪನ ಜೊತೆ ಉಳಿದೆ, ನೂಲಿಗೆ ಬಣ್ಣ ಹಾಕುವುದು ನನ್ನ ಪಾಲಿನ ಕೆಲಸವಾಯಿತು. ರೇಷನ್ ಕಾರ್ಡಿನಿಂದ ತಂಗಿಯ ಹೆಸರು ಹೋಗಲು ಹೆಚ್ಚು ದಿನ ಬೇಕಾಗಲಿಲ್ಲ. ಮತದಾರರ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರಿನ ಕೆಳಗೆ ಅವಳದು ಹಾಗೆಯೇ ಇತ್ತು, ಬಾಡಗಂಡಿಯ ಪಟ್ಟಿಗೂ ಸೇರಿತ್ತು. ತೆಗೆಸಬೇಕೆಂದು ಅಪ್ಪ ಎರಡು ಸಲ ಅಂದಿದ್ದ. ನಾನು ಕೇಳಿಸಿಯೂ ಕೇಳದವಳಂತೆ ಇದ್ದೆ. ಅವಳು ಈ ಮನೆಯ ಮಗಳು ಎನ್ನಲು ಉಳಿದಿದ್ದ ಕಾಗದ ಅದೊಂದೇ.

ಲೋಕಸಭೆ ಚುನಾವಣೆಯ ದಿನ ಬೆಳಿಗ್ಗೆ ನನ್ನ ಓಟು ಹಾಕಿ ಬಂದೆ. ಮಧ್ಯಾಹ್ನ ಗೋಡೆಯ ಗೂಡಿನಲ್ಲಿ ತಂಗಿಯ ಓಟಿನ ಚೀಟಿ ಕಣ್ಣಿಗೆ ಬಿತ್ತು. ಪಕ್ಷದ ಹುಡುಗರು ಮನೆಯ ಎಲ್ಲ ಹೆಸರಿನ ಚೀಟಿಗಳನ್ನೂ ಎಸೆದು ಹೋಗಿದ್ದರು. ನನಗೆ ಏನನ್ನಿಸಿತೋ, ಸೀರೆ ಬದಲಿಸಿ ಚೀಟಿ ಹಿಡಿದು ಮತ್ತೆ ಹೊರಟೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಮತಗಟ್ಟೆಯ ಪಟ್ಟಿಯಲ್ಲಿ ಅವಳ ಫೋಟೋ ಕಪ್ಪು ಮಸಿಯಾಗಿ ಅಚ್ಚಾಗಿತ್ತು. ಬೆಳಗಿನ ಗುಮಾಸ್ತ ಊಟಕ್ಕೆ ಎದ್ದಿದ್ದ, ಹೊಸಬನೊಬ್ಬ ಕೂತಿದ್ದ, ಗುರುತಿನ ಕಾರ್ಡು ಕೇಳದೆ ಚೀಟಿಯಷ್ಟೇ ನೋಡಿದ. ನನ್ನ ಬೆರಳುಗಳೋ, ಐದಕ್ಕೈದೂ ನೂಲಿನ ಬಣ್ಣ ಕುಡಿದು ಕಪ್ಪಾಗಿದ್ದವು. ಅದರಲ್ಲಿ ಓಟಿನ ಮಸಿ ಯಾವುದು ಎಂದು ಬ್ರಹ್ಮನೂ ಹೇಳಲಾರ.

"ಬಣ್ಣದ ಕೆಲಸ ಏನ್ರಿ?" ಅಂದ.

"ಹೌದ್ರಿ," ಅಂದೆ.

ರಿಜಿಸ್ಟರಿನಲ್ಲಿ ತಂಗಿಯ ಹೆಸರು ಬರೆದೆ, ಗೆರೆ ಎಳೆದೆ, ಕೊಂಡಿ ತಿರುಗಿಸಿದೆ. ನಮ್ಮ ಮನೆಯವರು ಯಾವಾಗಲೂ ಹಾಕುವ ಅಭ್ಯರ್ಥಿಗೇ ಗುಂಡಿ ಒತ್ತಿದೆ. ಹೊರಗೆ ಬಂದಾಗ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವಳ ಹೆಸರು ಹಾಳಾಗಲು ಬಿಡಲಿಲ್ಲ ಎಂಬ ಹೆಮ್ಮೆ.

ನಮ್ಮ ಅಭ್ಯರ್ಥಿ ಸೋತ. ಮತದಾನದಲ್ಲಿ ಅಕ್ರಮ ನಡೆದಿದೆ, ಗೆಲುವನ್ನು ರದ್ದು ಮಾಡಬೇಕು ಎಂದು ಕೋರ್ಟಿಗೆ ಹೋದ. ಅವನಿಗಿಂತ ಹೆಚ್ಚು ಓಡಾಡಿದವನು ನಮ್ಮ ಪಕ್ಕದ ಮನೆಯ ಕಾಕಾ. ರಕ್ತಸಂಬಂಧವಲ್ಲ, ಓಣಿಗೆಲ್ಲ ಕಾಕಾ. ತನ್ನ ಮಗ್ಗಕ್ಕೆ ಎಣ್ಣೆ ಬಿಡಲು ಪುರುಸೊತ್ತಿಲ್ಲದ ಮನುಷ್ಯ, ಓಟು ಹಾಕಿದವರ ಪಟ್ಟಿ ಬಗಲಲ್ಲಿಟ್ಟುಕೊಂಡು ಜಮಖಂಡಿ, ಮುಧೋಳ, ಬೀಳಗಿ ಸುತ್ತಿದ. ಸತ್ತವರ ಹೆಸರಿನಲ್ಲಿ ಬಿದ್ದ ಓಟು, ಎರಡು ಕಡೆ ಬಿದ್ದ ಓಟು ಹುಡುಕುವುದು ಅವನ ಕೆಲಸ.

ಒಂದು ದಿನ ನಮ್ಮ ಕಟ್ಟೆಗೆ ಬಂದು ಕೂತ, ಮುಖ ಅರಳಿತ್ತು.

"ನಿನ್ನ ತಂಗಿ ಓಟ ಯಾರೋ ಕದ್ದಾರ ನೋಡ ಮಗಳ. ಆಕಿ ಬಾಡಗಂಡಿಯಾಗ ಹಾಕ್ಯಾಳ. ಇಲ್ಲೂ ಆಕಿ ಹೆಸರಿಗೆ ಬಿದ್ದೈತಿ. ಆ ಕಡಿ ಮಂದೀದ ಕೆಲಸ."

"ಯಾರ ಹಾಕ್ಯಾರ ಅಂತ ಗೊತ್ತಾಗತೈತೇನ್ರಿ ಕಾಕಾ?"

"ಯಾರರೆ ಹಾಕಿರಲಿ. ಬನಹಟ್ಯಾಗ ನಾ ಹಾಕಿಲ್ಲ ಅಂತ ಆಕಿ ಅಂದ್ರ ಸಾಕು. ನಿನ್ನೆ ಬಾಡಗಂಡಿಗೆ ಹೋಗಿ ಅಫಿಡವಿಟ್ಟಿಗೆ ಸಹಿ ಮಾಡಿಸ್ಕೊಂಡ ಬಂದೇನಿ."

ಕಳುವಾದ ಆ ಓಟು ಕಾಕಾನ ಅಭ್ಯರ್ಥಿಗೇ ಬಿದ್ದಿತ್ತು. ಆಗಲೇ ಹೇಳಬಹುದಿತ್ತು. ಆದರೆ ಪೊಲೀಸು, ಜೈಲು, ಓಣಿಯವರ ಬಾಯಿ, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನ ಮುಖ ಕಣ್ಣ ಮುಂದೆ ಬಂತು. ಒಳಗೆ ಹೋಗಿ ನೂಲು ಹಿಂಡುತ್ತ ನಿಂತೆ. ಕೇಸು ತಾನಾಗಿಯೇ ಬಿದ್ದುಹೋಗುತ್ತದೆ ಎಂದು ತಿಂಗಳುಗಟ್ಟಲೆ ನನಗೆ ನಾನೇ ಹೇಳಿಕೊಂಡೆ.

ಬೀಳಲಿಲ್ಲ. ಸಾಕ್ಷಿ ಹೇಳಲು ಧಾರವಾಡದ ಹೈಕೋರ್ಟಿಗೆ ಬರಬೇಕೆಂದು ತಂಗಿಗೆ ಕರೆ ಬಂತು. ಜೊತೆಗೆ ಹೆಣ್ಣುಮಗಳೊಬ್ಬಳು ಇರಲಿ ಎಂದು ಕಾಕಾ ನನ್ನನ್ನೂ ಹೊರಡಿಸಿದ. ಲೋಕಾಪುರದಲ್ಲಿ ಅವಳು ನಮ್ಮ ಬಸ್ ಹತ್ತಿದಳು. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಂಡು ಬಂದಿದ್ದಳು, ಪ್ರವಾಸಕ್ಕೆ ಹೊರಟವಳ ಹಾಗೆ.

"ಅಂಜಿಕಿ ಬರವಲ್ದೇನ?" ಅಂದೆ.

"ಖರೆ ಹೇಳಾಕ ಏನಂಜಿಕಿ ಅಕ್ಕಾ? ಹಾಕಿಲ್ಲ ಅಂತೀನಿ, ಬರ್ತೀನಿ."

ಪ್ರತಿ ನಿಲ್ದಾಣ ಬಂದಾಗಲೂ ಈಗ ಹೇಳುತ್ತೇನೆ ಅಂದುಕೊಂಡೆ. ಕಾಕಾ ಮುಂದಿನ ಸೀಟಿನಲ್ಲೇ ಕೂತಿದ್ದಾನೆ ಎಂಬ ನೆಪ ಸಿಕ್ಕಿತು. ಹೇಡಿಗೆ ನೆಪಗಳ ಬರವಿಲ್ಲ.

ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಎದುರು ಪಕ್ಷದ ವಕೀಲರು ಮೆತ್ತಗಿನ ದನಿಯವರು. ಅಫಿಡವಿಟ್ಟು ತೋರಿಸಿ, "ಇದು ನಿಮ್ಮ ಸಹಿ ಏನಮ್ಮ?" ಎಂದರು. "ಹೌದ್ರಿ," ಅಂದಳು. ಮತಗಟ್ಟೆಯ ರಿಜಿಸ್ಟರನ್ನು ಅದರ ಪಕ್ಕಕ್ಕಿಟ್ಟರು. "ಹಂಗಾರ ಇದು ಯಾರದು? ಎರಡೂ ಒಂದ ಥರ ಅದಾವಲ್ಲ?"

ಅವಳು ಬಗ್ಗಿ ನೋಡಿದಳು. ಗೆರೆಯ ಮೇಲೆ ಬೆರಳು ಸರಿಸಿದಳು, ಕೊಂಡಿಯ ಹತ್ತಿರ ಬೆರಳು ನಿಂತಿತು. ಆಮೇಲೆ ತಲೆಯೆತ್ತಿ ವಕೀಲರನ್ನೂ ನೋಡಲಿಲ್ಲ, ನ್ಯಾಯಾಧೀಶರನ್ನೂ ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಎದ್ದು ನಿಲ್ಲಬೇಕಿತ್ತು. ನನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

"ಇದೂ ನಂದ ರೀ," ಅಂದಳು.

"ಅಂದ್ರ ಎರಡೂ ಕಡೆ ನೀವ ಓಟ ಹಾಕೀರಿ?"

"ಹೌದ್ರಿ."

ಅದು ಅಪರಾಧ, ಗೊತ್ತಿದ್ದು ಹೇಳುತ್ತಿದ್ದೀರಾ ಎಂದು ನ್ಯಾಯಾಧೀಶರು ಕೇಳಿದರು. ಗೊತ್ತೈತ್ರಿ ಅಂದಳು.

ಹೊರಗಿನ ಮೆಟ್ಟಿಲ ಮೇಲೆ ಕಾಕಾ ಅವಳಿಗೆ, "ಆ ಕಡಿ ಮಂದಿ ಏನ ಹೇಳಿ ಕಳಿಸಿದ್ರ ಬೇ ನಿನಗ?" ಅಂದ. ಅವಳು ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಲೋಕಾಪುರದಲ್ಲಿ ಇಳಿಯುವಾಗ ಬಿಚ್ಚದೆ ಉಳಿದಿದ್ದ ರೊಟ್ಟಿಯ ಗಂಟನ್ನು ನನ್ನ ತೊಡೆಯ ಮೇಲಿಟ್ಟಳು.

"ಅಪ್ಪಗ ಕೊಡು. ಏನೂ ಹೇಳಬ್ಯಾಡ."

ಮುಂದೆ ಕೇಸು ವಜಾ ಆಯಿತು. ಕಾರಣಗಳು ಹತ್ತಾರಿದ್ದವಂತೆ, ಅವಳ ಮಾತು ಅದರಲ್ಲೊಂದು ಸಣ್ಣದು. ಆದರೆ ಓಣಿಯಲ್ಲಿ ಕಾಕಾ ಎಲ್ಲವನ್ನೂ ಅವಳ ತಲೆಗೇ ಕಟ್ಟಿದ. ಅವಳ ಮೇಲೆ ಯಾರೂ ಕೇಸು ಹಾಕಲಿಲ್ಲ, ಅದೊಂದು ಪುಣ್ಯ. ಬಾಡಗಂಡಿಯಲ್ಲಿ ಮಾತ್ರ ಬಹಳ ದಿನ ಅವಳನ್ನು "ಎರಡ ಓಟಿನಾಕಿ" ಎಂದು ಆಡಿಕೊಂಡರು. ಗಂಡನ ಮನೆಯಲ್ಲಿ ಅವಳು ಏನೇನು ಕೇಳಿಸಿಕೊಂಡಳೋ, ನನಗೆ ಹೇಳಲಿಲ್ಲ. ಹಬ್ಬಕ್ಕೆ ತವರಿಗೆ ಬರುವುದೂ ನಿಂತಿತು.

ಮರುವರ್ಷ ಅಂಚೆಯಲ್ಲಿ ತಂಗಿಯ ಒಂದು ಅರ್ಜಿ ಬಂತು. ಬನಹಟ್ಟಿಯ ಪಟ್ಟಿಯಿಂದ ತನ್ನ ಹೆಸರನ್ನು ತೆಗೆಯಬೇಕು ಎಂದಿತ್ತು. ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ. ಅರ್ಜಿಯನ್ನು ಯಾರೋ ತುಂಬಿಕೊಟ್ಟಿದ್ದರು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ್ದಳು.

ತಹಶೀಲ್ದಾರ ಕಚೇರಿಗೆ ಒಯ್ದು ಕೊಟ್ಟೆ. ಅಲ್ಲಿಯ ಗುಮಾಸ್ತ ತಿರುವಿ ನೋಡಿ, "ಇವರಿಗೆ ಸಹಿ ಮಾಡಾಕ ಬರಾಂಗಿಲ್ಲೇನ್ರಿ?" ಎಂದು ಕೇಳಿದ.

"ಬರ್ತಿತ್ರಿ," ಅಂದೆ.